ಎಡಗಡೆಯ ಸೈಲೆನ್ಸರ್

ಆ ಬೆಳಿಗ್ಗೆ ವೀರಕುಮಾರರು ಮಾಡಿದ್ದು ಬಹಳ ಚಿಕ್ಕ ಕೆಲಸ. ಹಳೆಯ ಜಾವಾ ಬೈಕಿನ ಬಲಗಡೆಯ ಸೈಲೆನ್ಸರಿಗೆ ತುರುಕಿದ್ದ ಬಟ್ಟೆಯ ಉಂಡೆಯನ್ನು ಕಿತ್ತು ತೆಗೆದರು. ಎಡಗಡೆಯದಕ್ಕೂ ಕೈ ಹಾಕಿದರು. ಸುತ್ತ ಒಮ್ಮೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ತೀರ್ಥಹಳ್ಳಿ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ ಯಾರಿಗೂ ಒಂದು ಗೇಣು ಕಡಿಮೆ ಅಳೆಯದ ಮನುಷ್ಯ, ಹೆತ್ತ ಮಗಳಿಗೆ ಒಂದು ಚಿಂದಿ ಬಟ್ಟೆಯಲ್ಲಿ ಮೋಸ ಮಾಡಿದರು.

ಬಟ್ಟೆ ತುರುಕಿದ್ದೂ ಅವರೇ, ಅದೂ ಪುಣ್ಯದ ಕೆಲಸವೆಂದು. ನಿಂತ ಗಾಡಿಯ ಸೈಲೆನ್ಸರಿನೊಳಗೆ ಕಣಜ ಮಣ್ಣು ತಂದು ಗೂಡು ಕಟ್ಟುತ್ತದೆ. ಗಾಡಿ ಸ್ಟಾರ್ಟ್ ಮಾಡಿದರೆ ಒಳಗಿನ ಮರಿಗಳು ಬೆಂದು ಹೋಗುತ್ತವೆ. ಸೋಸದ ನೀರು ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆಯಲ್ಲಿ ಅದು ಆಗಬಾರದ ಮಾತು. ಹಾಗಾಗಿ ಎರಡೂ ಸೈಲೆನ್ಸರಿಗೆ ಬಟ್ಟೆ. ವರ್ಷಕ್ಕೆ ಎರಡು ಸಲ ಅದನ್ನು ತೆಗೆದು, ಎರಡು ನಿಮಿಷ ಎಂಜಿನ್ನಿನ ಸದ್ದು ಕೇಳಿ, ಮತ್ತೆ ಮುಚ್ಚುತ್ತಿದ್ದರು. ತೀರಿಕೊಂಡ ಅಪ್ಪನ ಗಾಡಿ ಅದು. ಹ್ಯಾಂಡಲ್ಲಿನ ರಬ್ಬರಿನಲ್ಲಿ ಅಪ್ಪನ ಬೆರಳುಗಳು ಸವೆಸಿದ ತಗ್ಗುಗಳು ಇನ್ನೂ ಇದ್ದವು. ಬೇರೆ ಕೈ ದಿನಾ ಹಿಡಿದರೆ ಅವು ಅಳಿಸಿಹೋಗುತ್ತವೆ ಎಂಬುದೇ ವೀರಕುಮಾರರ ಸಂಕಟ. ಹಾಗೆಂದು ಯಾರಿಗೂ ಹೇಳಲಾರರು, ನಗುತ್ತಾರೆ.

ಮಗಳು ಸಿಂಚನಾಗೆ ಅದನ್ನು ದಿನಾ ಓಡಿಸಬೇಕು. ಮಂಡಗದ್ದೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಅವಳು. ಬಸ್ಸಿಗೆ ಕಾದು ಸಾಕಾಗಿತ್ತು ಎನ್ನುವುದು ನೆಪ. ಅಜ್ಜನ ಹಿಂದೆ ಕೂತು ಊರೆಲ್ಲ ಸುತ್ತಿದವಳಿಗೆ ಆ ಗಾಡಿಯ ಮೇಲೆ ಜೀವ. ಆರು ತಿಂಗಳು ಅಪ್ಪ ಮಗಳ ಜಗಳ ನಡೆಯಿತು. ಕೊನೆಗೆ ವೀರಕುಮಾರರು ಸಾಗರದ ಕೆರಿಯಪ್ಪನವರಿಗೆ ಮಾತು ಕೊಟ್ಟುಬಿಟ್ಟರು. ಕೆರಿಯಪ್ಪ ಇಕ್ಕೇರಿ ರಸ್ತೆಯಲ್ಲಿ ಹಳೆಯ ಗಾಡಿಗಳನ್ನು ಗಾಜಿನ ಕೋಣೆಯಲ್ಲಿಟ್ಟು ಕಾಪಾಡುವವರು. ದುಡ್ಡು ಬೇಡ, ಯಾರೂ ಓಡಿಸಬಾರದು, ಅಷ್ಟೇ ಕರಾರು.

"ಗಾಜಿನೊಳಗೆ ಇಡಕ್ಕೆ ಅದೆಂತ ಮೀನಾ?" ಎಂದು ಸಿಂಚನಾ ರೇಗಿದ್ದಳು. "ಆಯ್ತು. ಸಾಗರದವರೆಗೆ ನಾನೇ ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳಿ. ದಾರೀಲಿ ಒಂದೇ ಒಂದ್ಸಲ ಕೆಟ್ಟು ನಿಂತ್ರೂ ಗಾಡಿ ಕೆರಿಯಪ್ಪನೋರಿಗೇ ಕೊಟ್ಟು ಬಸ್ಸಲ್ಲಿ ಬರೋಣ. ನಿಲ್ಲದೇ ಹೋದ್ರೆ ಕೆರಿಯಪ್ಪನೋರಿಗೆ ನಮಸ್ಕಾರ ಹೇಳಿ ವಾಪಸ್. ಆಮೇಲೆ ಗಾಡಿ ನಂದು."

ವೀರಕುಮಾರರು ಒಪ್ಪಿದ್ದರು. ಒಪ್ಪಿ, ಬೆಳಿಗ್ಗೆ ಎದ್ದು, ಎಡಗಡೆಯ ಬಟ್ಟೆಯನ್ನು ಹಾಗೇ ಬಿಟ್ಟರು.

"ಹೊತ್ತು ಮುಳುಗೋದ್ರೊಳಗೆ ಬನ್ನಿ, ಊಟಕ್ಕೆ ಕಾಯ್ತೀನಿ" ಎಂದು ಹೆಂಡತಿ ವಿಜಯಲಕ್ಷ್ಮೀ ಬಾಗಿಲಲ್ಲಿ ನಿಂತು ಹೇಳಿದರು. ಗಾಡಿ ಹೊರಟಿತು. ಒಂದು ಸೈಲೆನ್ಸರ್ ಕಟ್ಟಿಕೊಂಡಿದ್ದರೂ ಇನ್ನೊಂದರಲ್ಲಿ ಹೊಗೆ ಬಿಡುತ್ತ ಸಮತಟ್ಟು ರಸ್ತೆಯಲ್ಲಿ ಹೇಗೋ ಓಡಿತು. ಆದರೆ ಹಿಂದೆ ಕೂತವರಿಗೆ ಗೊತ್ತಾಗುತ್ತಿತ್ತು. ಬಲಗಾಲಿನ ಮೀನಖಂಡಕ್ಕೆ ಶಾಖ ತಟ್ಟುತ್ತಿತ್ತು, ಎಡಗಾಲಿಗೆ ಇಲ್ಲ. ಹೊಸನಗರ ಬರುವವರೆಗೂ ಅವರಿಗೆ ಆ ಎಡಗಾಲಿನದೇ ಯೋಚನೆ.

ಹೊಸನಗರ ದಾಟಿ ಏರು ಸಿಕ್ಕಿದ್ದೇ ಗಾಡಿಯ ಉಸಿರು ಕಟ್ಟಿತು. ಸಿಂಚನಾ ಗೇರ್ ಇಳಿಸಿದಳು. ಎಂಜಿನ್ ತಿಣುಕಿತೇ ಹೊರತು ಎಳೆಯಲಿಲ್ಲ. ಹಿಂದಿನಿಂದ ಮರದ ದಿಮ್ಮಿ ತುಂಬಿದ ಲಾರಿಯೊಂದು ಹಾರನ್ ಹಾಕುತ್ತ ಹತ್ತಿರವಾಯಿತು.

"ಅಪ್ಪಾ, ಪೆಟ್ರೋಲಿಗೆ ಆಯಿಲ್ ಬೆರೆಸೋವಾಗ ಅಳತೆ ತಪ್ಪಿದ್ನಾ ನಾನು?"

"ಇರ್ಬೋದು" ಎಂದರು ವೀರಕುಮಾರರು. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಅದಕ್ಕೇ ಅವರಿಗೆ ಭಯವಾಯಿತು.

ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಇನ್ನಷ್ಟು ಕಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡರೆ ಹಿಂದಿನ ಚಕ್ರ ತಿರುಗದೆ ನಿಲ್ಲುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಲಾರಿ ಹತ್ತು ಮಾರು ಹಿಂದಿತ್ತು.

"ನಿಲ್ಸು ಸಿಂಚನಾ!"

"ನಿಲ್ಸಲ್ಲ! ನಿಂತ್ರೆ ನಾನು ಸೋತ ಹಾಗೆ!" ಅವಳು ಮುಂದಕ್ಕೆ ಬಾಗಿ, ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದಳು. ಅವಳ ಬೆರಳುಗಳು ಆ ತಗ್ಗುಗಳಲ್ಲೇ ಕೂತಿದ್ದವು. ಬಹುಶಃ ಮನೆಯಿಂದಲೂ ಅಲ್ಲೇ ಇದ್ದವು. ವೀರಕುಮಾರರು ನೋಡಿದ್ದು ಈಗ.

"ನಿಲ್ಸೇ ಮಾರಾಯ್ತಿ! ಎಡಗಡೆ ಸೈಲೆನ್ಸರಲ್ಲಿ ಬಟ್ಟೆ ಇದೆ!"

ಅವಳು ಗಾಡಿಯನ್ನು ರಸ್ತೆ ಬದಿಯ ಹುಲ್ಲಿಗೆ ಇಳಿಸಿದಳು. ಲಾರಿ ಗಾಳಿ ಬೀಸಿಕೊಂಡು ಹಾದುಹೋಯಿತು. ಸಿಂಚನಾ ಕೈಯನ್ನು ಎರಡೂ ಸೈಲೆನ್ಸರಿನ ಹತ್ತಿರ ಹಿಡಿದು ನೋಡಿದಳು. ಒಂದು ಸುಡುತ್ತಿತ್ತು, ಇನ್ನೊಂದು ಬರೀ ಬೆಚ್ಚಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಎಳೆದಾಗ ಕಪ್ಪಗಾದ ಬಟ್ಟೆಯ ಉಂಡೆ ಹುಲ್ಲಿನ ಮೇಲೆ ಬಿತ್ತು.

"ತೆಗೆಯೋಕೆ ಮರ್ತ್ರಾ ಅಪ್ಪ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ನಕ್ಕುಬಿಡುತ್ತಿದ್ದಳು ಕೂಡ.

"ಇಲ್ಲ. ಬೇಕಂತ್ಲೇ ಬಿಟ್ಟೆ."

ಸಿಂಚನಾ ಸ್ಕ್ರೂಡ್ರೈವರಿನ ತುದಿಯಿಂದ ಆ ಉಂಡೆಯನ್ನು ಹೊರಳಿಸಿ ನೋಡಿದಳು. ಎಂಜಿನ್ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು.

"ಕಣಜ ಸಾಯ್ಬಾರ್ದು ಅಂತ ಬಟ್ಟೆ ಹಾಕೋರು ನೀವು" ಎಂದಳು ಕೊನೆಗೆ. "ಚಕ್ರ ಕಚ್ಕೊಂಡಿದ್ರೆ ಇಬ್ರೂ ಆ ಲಾರಿ ಅಡಿಗೆ ಹೋಗ್ತಿದ್ವಿ. ಹುಳದ ಮೇಲಿರೋವಷ್ಟು ದಯೆ ನನ್ ಮೇಲೆ ಇಲ್ವಾ?"

ಅವರಿಗೆ ಅಳು ಬಂತು, ತಡೆಯಲಿಲ್ಲ. ವರ್ಷಾ ವರ್ಷಾ ಕ್ಷಮಾವಣಿಯ ದಿನ ಮನೆಮಂದಿಯೆಲ್ಲ ಕೈಮುಗಿದು ಒಬ್ಬರಿಗೊಬ್ಬರು ಕ್ಷಮೆ ಕೇಳುವ ಪದ್ಧತಿ. ಇಷ್ಟು ವರ್ಷ ಅವರು ಮಗಳ ಮುಂದೆ ಆ ಮಾತನ್ನು ಪಟಪಟನೆ ಹೇಳಿ, ನಕ್ಕು, ಸಿಹಿ ತಿಂದಿದ್ದರು. ಈಗ ಅದೇ ಮಾತು ತುಟಿಗೆ ಬರಲು ಒದ್ದಾಡಿತು.

"ಕ್ಷಮಿಸು ಮಗಾ. ಗಾಡಿ ನಿಂಗೇ ಕೊಡ್ತೀನಿ."

"ನೀವೆಂತ ಕೊಡೋದು? ಗಾಡಿ ಕೆಟ್ಟು ನಿಲ್ಲಲಿಲ್ಲ, ನೀವು ನಿಲ್ಸಿದ್ದು. ನಾನು ಗೆದ್ದಿದ್ದು." ಅವಳ ಕಣ್ಣೂ ಕೆಂಪಾಗಿತ್ತು. "ಕ್ಷಮೆ ಇವತ್ತಿಲ್ಲ. ಕೇಳ್ಬೇಡಿ."

ಎಂಜಿನ್ ತಣ್ಣಗಾದ ಮೇಲೆ ಅವಳು ಕಿಕ್ ಹೊಡೆದಳು. ಎರಡೂ ಸೈಲೆನ್ಸರು ಒಟ್ಟಿಗೆ ಬಾಯಿಬಿಟ್ಟವು.

"ಮನೆಗಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಸಾಗರಕ್ಕೆ. ಗಾಡಿ ಯಾಕೆ ಕೊಡ್ತಿಲ್ಲ ಅಂತ ಕೆರಿಯಪ್ಪನೋರಿಗೆ ನೀವೇ ಹೇಳ್ಬೇಕು. ಬಟ್ಟೆ ವಿಷ್ಯಾನೂ."

ವೀರಕುಮಾರರು ಹುಲ್ಲಿನ ಮೇಲಿದ್ದ ಆ ಮಸಿ ಬಟ್ಟೆಯನ್ನು ಎತ್ತಿ ಬಿಳಿ ಅಂಗಿಯ ಜೇಬಿಗೆ ಹಾಕಿಕೊಂಡು ಹಿಂದೆ ಹತ್ತಿದರು. ಮಗಳ ಹೆಗಲು ಹಿಡಿಯಲು ಧೈರ್ಯವಾಗದೆ ಸೀಟಿನ ಅಂಚು ಹಿಡಿದರು. ಗಾಡಿ ಏರು ಹತ್ತಿತು. ಈಗ ಎರಡೂ ಕಾಲಿಗೆ ಶಾಖ ತಟ್ಟುತ್ತಿತ್ತು.