ಪರದೆಯ ಬದಿಯಲ್ಲಿ ಯಾರೂ ಇಲ್ಲ

ಮುಂಬೈಯ ಬ್ಯಾಲೆ ತಂಡದಲ್ಲಿ ವರ್ಷಗಟ್ಟಲೆ ಕುಣಿದು ಬಂದ ಕಾಂತಿ, ಮೂಡುಬಿದಿರೆಯಲ್ಲಿ ಹುಡುಗಿಯರಿಗೆ ಕಲಿಸುತ್ತಾ ಮೊದಲ ಬಾರಿಗೆ ತನ್ನದೇ ಒಂದು ನೃತ್ಯ ಕಟ್ಟಿದಳು. ಅದರಲ್ಲಿ ತಾನು ಕುಣಿಯುವುದಿಲ್ಲ ಎಂದು ಮೊದಲೇ ನಿರ್ಧರಿಸಿದ್ದಳು. ಕಾಲು ಸೋತಿತ್ತೆಂದಲ್ಲ, ಕಾಲ್ಬೆರಳ ತುದಿಯಲ್ಲಿ ಅವಳು ಈಗಲೂ ಸಲೀಸಾಗಿ ನಿಲ್ಲುತ್ತಿದ್ದಳು. ಬೇರೆಯವರು ಹೇಳಿದ್ದನ್ನೇ ಕುಣಿದು ಕುಣಿದು, ತನಗೆ ಹೇಳಲು ಏನಿದೆ ಎಂದು ನೋಡುವ ಆಸೆ ಹುಟ್ಟಿತ್ತು.

ಕಾರ್ಯಕ್ರಮ ಏರ್ಪಡಿಸಿದ್ದ ಯಾಕೂಬ್ ಮಾಸ್ಟ್ರಿಗೆ ಇದು ಸರಿಬರಲಿಲ್ಲ. "ಜನ ಬರುವುದು ನಿಮ್ಮನ್ನು ನೋಡಲಿಕ್ಕೆ ಮಾರಾಯ್ರೇ. ಸ್ವಲ್ಪ ಹೊತ್ತು ಬಂದು ಹೋಗಿ ಸಾಕು."

"ಬರಲಿ ಮಾಸ್ಟ್ರೇ. ಬಂದವರು ಮಕ್ಕಳನ್ನು ನೋಡ್ತಾರೆ."

ಕಾರ್ಯಕ್ರಮದ ಹಿಂದಿನ ದಿನ ಸಭಾಂಗಣದಲ್ಲಿ ಕೊನೆಯ ಅಭ್ಯಾಸ. ಕಾಂತಿ ವೇದಿಕೆಯ ಬಲಬದಿಯ ಪರದೆಯ ಮರೆಯಲ್ಲಿ ನಿಂತಿದ್ದಳು. ಹುಡುಗಿಯರ ಕತ್ತು ಮತ್ತೆ ಮತ್ತೆ ಅತ್ತಲೇ ವಾಲುತ್ತಿತ್ತು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಟೀಚರು ಹಾಗೆ ಮರೆಯಲ್ಲಿ ನಿಂತು ಕುಣಿಯುವುದು, ಮಕ್ಕಳು ಓರೆಗಣ್ಣಲ್ಲಿ ನೋಡಿ ಹಾಗೆಯೇ ಮಾಡುವುದು ಎಲ್ಲ ಕಡೆಯೂ ಉಂಟು. ಬೆಳ್ತಂಗಡಿಯ ಶಾಲೆಯಲ್ಲಿ ಕಾಂತಿ ಕಲಿತದ್ದೂ ಹಾಗೆಯೇ. ಆದರೆ ಈಗ ತನ್ನ ಕೈಗಳು ತನಗೆ ಗೊತ್ತಿಲ್ಲದೆ ಆಡುತ್ತಿರುವುದು ಕಂಡು ಅವಳು ಬೆಚ್ಚಿದಳು. ಅವಳು ಕೈ ಎತ್ತಲು ತಡಮಾಡಿದರೆ ಅವರೂ ತಡಮಾಡಿದರು. ಗದ್ದ ಎತ್ತುವ ರೀತಿಯೂ ಅವಳದೇ. ವೇದಿಕೆಯ ತುಂಬ ಕಾಂತಿಯರೇ. ತಾನು ಕುಣಿತ ಬಿಟ್ಟಿಲ್ಲ, ಅದನ್ನು ಪರದೆಯ ಹಿಂದೆ ಅಡಗಿಸಿಟ್ಟಿದ್ದೇನೆ, ಅಷ್ಟೆ ಎನ್ನಿಸಿತು.

"ನಾಳೆ ನಾನು ಇಲ್ಲಿ ನಿಲ್ಲುವುದಿಲ್ಲ," ಎಂದಳು.

"ಅಯ್ಯೋ ಟೀಚರ್!" ಮುಂದಿನ ಸಾಲಿನ ಹರ್ಷಿತಾ ಬಾಯಿಬಿಟ್ಟಳು. "ಮರೆತುಹೋದ್ರೆ?"

"ಪಕ್ಕದವಳ ಉಸಿರು ಕೇಳು. ಅದರ ಜೊತೆ ಹೋಗು."

"ಅವಳೂ ಮರೆತಿದ್ರೆ?"

"ಆಗ ಇಬ್ಬರೂ ಸೇರಿ ಏನಾದ್ರೂ ಮಾಡಿ. ಕಂಬದ ಹಾಗೆ ನಿಲ್ಲಬೇಡಿ, ಅಷ್ಟೇ."

ಮರುದಿನ ಸಂಜೆ ಅವಳು ಪ್ರೇಕ್ಷಕರ ನಡುವೆ, ಊರು ನೆರಿಯದಿಂದ ಬಂದಿದ್ದ ತಾಯಿ ಪೂವಮ್ಮನ ಪಕ್ಕ ಕುಳಿತಳು.

"ಮುಂಬೈಯಲ್ಲಿ ಅಷ್ಟು ವರ್ಷ ತುದಿಗಾಲಲ್ಲಿ ನಿಂತದ್ದು ಹೀಗೆ ಕುರ್ಚಿಯಲ್ಲಿ ಕೂತುಕೊಳ್ಳಲಿಕ್ಕಾ ಮಗಾ?"

"ನೋಡಮ್ಮ, ಶುರುವಾಯ್ತು."

ಅರ್ಧ ನೃತ್ಯದವರೆಗೆ ಎಲ್ಲ ಸರಿಯಿತ್ತು. ಆಮೇಲೆ ಹರ್ಷಿತಾ ತಪ್ಪಿದಳು. ಕತ್ತು ಬಲಕ್ಕೆ ಹೊರಳಿತು. ಅಲ್ಲಿ ಯಾರೂ ಇಲ್ಲ. ಕಾಂತಿಗೆ ಎದ್ದು ಓಡಿ ಆ ಮರೆಯಲ್ಲಿ ನಿಂತುಬಿಡಬೇಕು ಅನ್ನಿಸಿತು. ಓಡಲಿಲ್ಲ. ಹುಡುಗಿ ಒಂದು ಉಸಿರು ಎಳೆದುಕೊಂಡು, ಕಲಿಸದೇ ಇದ್ದ ಕಡೆಗೆ, ಎಡಕ್ಕೆ ನಿಧಾನವಾಗಿ ಸುತ್ತಿದಳು. ಪಕ್ಕದವಳು ಆ ಉಸಿರು ಕೇಳಿ ಜೊತೆಗೇ ಸುತ್ತಿದಳು, ಅವಳ ಪಕ್ಕದವಳೂ. ಸಾಲು ಇಡಿಯಾಗಿ ತಿರುಗಿತು. ಹರ್ಷಿತಾಳ ಕೈ ಮೇಲೇರಿದ ರೀತಿ ಕಾಂತಿಯದಾಗಿರಲಿಲ್ಲ. ಅದಕ್ಕಿಂತ ಒರಟು, ಅದಕ್ಕಿಂತ ಚಂದ. ಛೆ, ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡಳು. ಆ ಹೊಟ್ಟೆಕಿಚ್ಚಿನಲ್ಲೂ ಒಂದು ಸುಖವಿತ್ತು.

ಮಗಳ ಮುಖವನ್ನೇ ನೋಡುತ್ತಿದ್ದ ಪೂವಮ್ಮ ಬಾಗಿ ಕೇಳಿದಳು, "ಅದು ನೀನು ಹೇಳಿಕೊಟ್ಟದ್ದಾ?"

"ಅಲ್ಲಮ್ಮ."

"ಹಾಗಾದ್ರೆ ತಪ್ಪಿತಾ?"

"ತಪ್ಪಿತು," ಎಂದಳು ಕಾಂತಿ, ವೇದಿಕೆಯಿಂದ ಕಣ್ಣು ಕೀಳದೆ. "ಇನ್ನು ಮುಂದೆ ಅಲ್ಲಿ ಹಾಗೆಯೇ ಕುಣಿಯುವುದು."