ಯಾವ ಕೈ ಮೊದಲು?

ರೋಗಿಗಳ ಬಾಯಲ್ಲಿ ಅವಳು ಟೋಪಿ ಮೇಡಂ. "ದಿನಾ ನಾಲ್ಕು ಜನಕ್ಕೆ ಟೋಪಿ ಹಾಕ್ತೀನಿ, ಆದ್ರೂ ಯಾರೂ ಪೊಲೀಸರಿಗೆ ಹೇಳಿಲ್ಲ" ಎಂದು ತಾನೇ ನಗುತ್ತಿದ್ದಳು. ಮಿದುಳಿನ ವಿದ್ಯುತ್ ಅಲೆ ಹಿಡಿಯುವ ಇನ್ನೂರೈವತ್ತಾರು ಬಿಲ್ಲೆಗಳ ಆ ಟೋಪಿ, ಚರ್ಮಕ್ಕೊಂದು ಗೀರೂ ಹಾಕದೆ, ಮೂರ್ಛೆ ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ಹಿಡಿದುಕೊಡುತ್ತಿತ್ತು. ಹದಿನೇಳು ವರ್ಷದ ಕೆಲಸ. ತೆರೆಯ ಮೇಲೆ ಮೂಡುವ ಗೆರೆಗಳನ್ನು ಅವಳು ತನ್ನ ಕಣ್ಣಿಗಿಂತ ಹೆಚ್ಚು ನಂಬುತ್ತಿದ್ದಳು.

ಈ ಸಲದ ರೋಗಿ ಶಾಲೆಯ ವ್ಯಾನ್ ಓಡಿಸುತ್ತಿದ್ದ ಹೆಂಗಸು. ಮೂರ್ಛೆ ಶುರುವಾದಂದಿನಿಂದ ವ್ಯಾನಿನ ಕೀಲಿ ಮುಟ್ಟಿರಲಿಲ್ಲ, ಮಾತ್ರೆಗಳೆಲ್ಲ ಸೋತಿದ್ದವು. ಗೆರೆಗಳು ಮಿದುಳಿನ ಎಡಭಾಗದ ಒಂದು ಚುಕ್ಕೆಯನ್ನು ತೋರಿಸಿದ್ದವು. ಅಷ್ಟನ್ನು ಕತ್ತರಿಸಿ ತೆಗೆದರೆ ವ್ಯಾನ್ ಮತ್ತೆ ಅವಳ ಕೈಗೆ ಬರಬಹುದು. ಆದರೆ ಮಿದುಳಿನ ಎಡಭಾಗ ಆಡಿಸುವುದು ಬಲಗೈಯನ್ನು. ಗಂಡ ಆಸ್ಪತ್ರೆಯ ಕಡತದಲ್ಲಿ ಬರೆಸಿದ್ದು ಮಾತ್ರ, "ಮೊದಲು ಅದುರೋದು ಎಡಗೈ" ಎಂದು.

"ಎರಡೂ ತಾಳೆಯಾಗದಿದ್ರೆ ನಾನು ಕೈ ಹಾಕಲ್ಲ," ಎಂದಿದ್ದರು ಸರ್ಜನ್. "ಮೊದಲು ಬುರುಡೆ ತೆರೆದು, ಒಳಗೆ ತಂತಿ ಇಟ್ಟು ನೋಡ್ಬೇಕಾಗುತ್ತೆ."

ಟೋಪಿ ಮೇಡಂಗೆ ಮೈ ಉರಿಯಿತು. ಬಿಲ್ಲೆಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿದಳು, ಯಾವುದೂ ಅದಲುಬದಲಾಗಿರಲಿಲ್ಲ. ಹಾಗಾದರೆ ತಪ್ಪು ಗಂಡನದೇ ಎಂದು ತೀರ್ಮಾನಿಸಿ ಇಬ್ಬರನ್ನೂ ಕರೆಸಿದಳು.

ಗಂಡ ಕ್ಷೌರಿಕ, ಮೂವತ್ತು ವರ್ಷದಿಂದ ಸ್ವಂತ ಅಂಗಡಿ. "ಕಣ್ಣಾರೆ ನೋಡಿದೀನಿ ಮೇಡಂ. ಊಟಕ್ಕೆ ಎದುರೆದುರೇ ಕೂತಿದ್ವಿ. ಎಡಗೈನೇ!"

"ಆಣೆ ಇಡ್ತೀರಾ?"

"ನನ್ನ ಕತ್ತರಿ ಮೇಲೆ ಆಣೆ."

ಟೋಪಿ ಮೇಡಂ ಅವನೆದುರು ನಿಂತು ತನ್ನ ಬಲಗೈ ಎತ್ತಿದಳು. "ಇದು ನನ್ನ ಯಾವ ಕೈ?"

"ಎಡಗೈ," ಎಂದ, ರೆಪ್ಪೆ ಬಡಿಯದೆ.

ಹೆಂಡತಿ ಕಿಸಕ್ಕನೆ ನಕ್ಕಳು. "ಅಯ್ಯೋ ಮೇಡಂ, ಇವರು ಮೂವತ್ತು ವರ್ಷದಿಂದ ಎಲ್ಲರ ಮುಖಾನೂ ಕನ್ನಡೀಲೇ ನೋಡೋದು. ಕನ್ನಡೀಲಿ ಎಡಕ್ಕೆ ಕಂಡಿದ್ದು ಎಡಗೈಯೇ ಅಲ್ವಾ? ಎದುರಿಗೆ ಕೂತೋರಿಗೂ ಅದೇ ಲೆಕ್ಕ!"

ಗಂಡ ಇಂಗು ತಿಂದ ಮಂಗನಾದ. ಆದರೆ ನಗು ಕೇಳಿ ಸರ್ಜನ್ ಒಪ್ಪುವವರಲ್ಲ.

"ಅದುರಿದ ಕೈ ಮೇಲೆ ಏನಾದ್ರೂ ಗುರುತಿತ್ತಾ?" ಎಂದು ಟೋಪಿ ಮೇಡಂ ಕೇಳಿದಳು.

ಅವನು ಕಣ್ಣು ಮುಚ್ಚಿದ. "ಸುಟ್ಟ ಕಲೆ. ಇಂಜಿನ್ ತಾಗಿ ಸುಟ್ಕೊಂಡಿದ್ಲಲ್ಲ, ಅದು. ಕೈ ಅದುರೋವಾಗ ಆ ಕಲೆ ಕುಣೀತಿತ್ತು. ಗಟ್ಟಿಯಾಗಿ ಹಿಡ್ಕೊಂಡಿದ್ದೆ."

ಹೆಂಡತಿ ತೋಳು ಸರಿಸಿ ಎರಡೂ ಕೈ ಚಾಚಿದಳು. ಕಲೆ ಇದ್ದದ್ದು ಬಲಗೈ ಮೇಲೆ.

ಸರ್ಜನ್ ಅದೇ ಮಧ್ಯಾಹ್ನ ತಾರೀಖು ಕೊಟ್ಟರು. ಟೋಪಿ ಮೇಡಂಗೆ ಹೆಮ್ಮೆಯೇ ಆಯಿತು, ಮುಚ್ಚಿಡಲೂ ಹೋಗಲಿಲ್ಲ.

ಶಸ್ತ್ರಕ್ರಿಯೆಯ ಬೆಳಿಗ್ಗೆ, ಕೂದಲು ತಾನೇ ತೆಗೆಯುತ್ತೇನೆಂದು ಗಂಡ ಹಟ ಹಿಡಿದ. ಕೋಣೆಯಲ್ಲಿ ಕನ್ನಡಿಯ ಮುಂದೆ ಕುರ್ಚಿ ಹಾಕಿದ್ದರು. ಅವನು ಅದನ್ನು ಪೂರ್ತಿ ತಿರುಗಿಸಿ, ಹೆಂಡತಿಯ ಎದುರು ಮಂಡಿಯೂರಿದ. ಕತ್ತರಿ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಭಯಾನಾ?" ಎಂದಳು ಅವಳು.

"ನನ್ನ ಮಾತು ಕೇಳಿ ನಿನ್ನ ಬುರುಡೆ ಸುಮ್ಸುಮ್ನೆ ತೆರೀತಿದ್ರಲ್ಲೇ."

"ತೆರೀಲಿಲ್ವಲ್ಲ. ಬೇಗ ಮುಗ್ಸಿ, ನನ್ನ ವ್ಯಾನ್ ಕಾಯ್ತಿದೆ."

ಬಾಗಿಲ ಬಳಿ ನಿಂತಿದ್ದ ಟೋಪಿ ಮೇಡಂ ಒಳಗೆ ಇಣುಕಿದಳು. ಅವನು ಹೆಂಡತಿಯ ತಲೆಯನ್ನು ಬೆರಳಿನಿಂದ ಮುಟ್ಟಿ, "ಎಡಗಡೆ," ಎಂದ. ಆಮೇಲೆ ತಡೆದು, ಅವಳ ಕಣ್ಣನ್ನೇ ನೋಡುತ್ತ ಹೇಳಿದ:

"ನಿನ್ನ ಎಡಗಡೆ."