ನಲವತ್ತೊಂದನೆಯ ಎಲೆ

ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಹಾಳೆಗೆ ಅಂಟಿಸಿದ ಪ್ರತಿ ಗಿಡದ ಕೆಳಗೂ ಹೆಸರಿನ ಚೀಟಿ ಬರೆಯುವವಳು ಅವಳೇ. ಹಾಗಾಗಿ ಎಲ್ಲರ ಬಾಯಲ್ಲೂ ಚೀಟಿಯಮ್ಮ.

ಹೂವು, ಕಾಯಿ ಎರಡೂ ಇಲ್ಲದ ಗಿಡವನ್ನು ಗುರುತಿಸುವುದು ಓದಿದವರಿಗೂ ತಲೆನೋವು. ಚೀಟಿಯಮ್ಮ ಎಲೆಯ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಒಣಗಿದ ಮೇಲೆ ಪೊರೆಯಂತೆ ಸುಲಿದು ಸೂಕ್ಷ್ಮದರ್ಶಕದಡಿ ಇಡುತ್ತಿದ್ದಳು. ರೋಮ, ರಂಧ್ರ, ಉಬ್ಬು ಎಲ್ಲದರ ಅಚ್ಚೂ ಅದರಲ್ಲಿ ಮೂಡಿರುತ್ತಿತ್ತು. ಆರು ವರ್ಷ ಕಣ್ಣು ಕೀಲಿಸಿ ಕೂತು, ಒಂದಕ್ಕೊಂದು ಅವಳಿಯಂತಿದ್ದ ನಲವತ್ತೊಂದು ಬಗೆಯ ಗಿಡಗಳನ್ನು ಎಲೆಯ ಮೈ ನೋಡಿಯೇ ಬೇರೆಮಾಡುವ ಪಟ್ಟಿ ಬರೆದಳು. ಬರೆದದ್ದನ್ನು ವಿಭಾಗದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರಿಗೆ ಒಪ್ಪಿಸಿದಳು.

ಹತ್ತು ತಿಂಗಳ ಮೇಲೆ ಅದು ಪುಸ್ತಕವಾಗಿ ಬಂತು, ಮೇಷ್ಟ್ರ ಹೆಸರಿನಲ್ಲಿ. ಸಾಲುಸಾಲು ಉಬ್ಬುಗಳಿದ್ದ ನಲವತ್ತೊಂದನೆಯದು ಹೊಸ ಪ್ರಭೇದವೆಂದು ಸಾರಿ, ಅದಕ್ಕೆ ತಮ್ಮ ತಂದೆಯ ಹೆಸರಿಟ್ಟಿದ್ದರು. ಕೊನೆಯ ಪುಟದಲ್ಲಿ ‘ಗಾಜು ತೊಳೆದುಕೊಟ್ಟ ಸಹಾಯಕಿಗೆ’ ಒಂದು ವಂದನೆ.

“ಸಾರ್, ಇದು ನಾನು ಬರೆದಿದ್ದು,” ಎಂದಳು ಅವರ ಕೋಣೆಯಲ್ಲಿ ನಿಂತು.

“ಬರೆದಿದ್ದು ನೀನೇ ಇರಬಹುದು. ಚೀಟಿ ಬರೆಯೋಳ ಹೆಸರು ಹಾಕಿದ್ರೆ ಯಾರಮ್ಮ ಓದ್ತಾರೆ?” ಮೇಷ್ಟ್ರು ನಕ್ಕೇಬಿಟ್ಟರು.

ಆ ಸಂಜೆ ಮನೆಯಲ್ಲಿ ಅವಳು ಪುಸ್ತಕವನ್ನು ಅಕ್ಕನ ಮುಂದೆ ಬಿಸಾಕಿದಳು. ಅಕ್ಕ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರ ನಿಲ್ಲಿಸಿ, ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದವಳು ಕೊನೆಯದರ ಹತ್ತಿರ ಕನ್ನಡಕ ಸರಿಮಾಡಿಕೊಂಡಳು.

“ಇದು ಎಲೆ ಅಲ್ಲ ಕಣೇ. ಬಟ್ಟೆ.”

“ಏನಂದೆ?”

“ಹಾಸು ಹೊಕ್ಕು ಕಾಣ್ತಿಲ್ವಾ? ದಾರದ ಲೆಕ್ಕಾನೂ ಹೇಳ್ಲಾ?”

ಮರುದಿನ ಚೀಟಿಯಮ್ಮ ಆ ಹಾಳೆಯನ್ನು ಹೊರತೆಗೆದಳು. ಹಿಂದೆಂದೋ ಗಿಡ ತಂದವನು ಅದನ್ನು ಮೇಣದ ಬಟ್ಟೆಯ ನಡುವೆ ಒತ್ತಿ ಒಣಗಿಸಿದ್ದ. ಮೇಣ ಎಲೆಗೆ ಅಂಟಿ, ನೇಯ್ಗೆಯ ಗುರುತು ಅದರ ಮೇಲೆ ಕೂತಿತ್ತು. ಒಂದು ಎಲೆ ಮಡಚಿಕೊಂಡಿತ್ತು. ಬಟ್ಟೆ ತಾಗದ ಒಳಮಡಿಕೆ ನುಣ್ಣಗಿತ್ತು. ಅದು ತೀರಾ ಸಾಧಾರಣವಾದ, ಪಟ್ಟಿಯಲ್ಲಿ ಏಳನೆಯದಾಗಿದ್ದ ಗಿಡವೇ. ತಪ್ಪು ಅವಳದೇ. ಮೊದಲು ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ, ಎಷ್ಟೋ ದಿನಗಳಲ್ಲಿ ಮೊದಲ ಸಲ, ಹೊಟ್ಟೆ ತಣ್ಣಗಾಯಿತು.

“ಅವರಿಗೆ ಹೇಳ್ತೀಯಾ?” ಸಂಜೆ ಮನೆಯಲ್ಲಿ ಅಕ್ಕ ಕೇಳಿದಳು.

“ಹೇಳ್ತೀನಿ. ಈಗಲ್ಲ. ಇನ್ನೂ ಮೇಲೆ ಹತ್ತಲಿ.”

ಮೇಷ್ಟ್ರು ಹತ್ತಿದರು. ಮೂರು ವರ್ಷದಲ್ಲಿ ಪ್ರಶಸ್ತಿ ಬಂತು, ಹಾರಗಳು ಬಂದವು. ನೀರು ನಿಲ್ಲದ ಪೇಂಟ್ ಮಾಡಹೊರಟ ಎಂಜಿನಿಯರುಗಳು, ಆ ಎಲೆಯ ಉಬ್ಬುಗಳನ್ನೇ ನಕಲು ಮಾಡಬೇಕೆಂದು ಅವರನ್ನು ಹುಡುಕಿಕೊಂಡು ಬಂದರು. ಇಷ್ಟರಲ್ಲಿ ಮೇಷ್ಟ್ರು ಒಮ್ಮೆಯೂ ಆ ಹಾಳೆ ತೆಗೆದು ನೋಡಿರಲಿಲ್ಲ. ಚೀಟಿಯಮ್ಮ ದಿನವೂ ಅವರಿಗೆ ನಮಸ್ಕಾರ ಹೇಳುತ್ತಿದ್ದಳು.

ಒಪ್ಪಂದಕ್ಕೆ ಸಹಿ ಬೀಳುವ ದಿನ ಸಭಾಂಗಣ ತುಂಬಿತ್ತು. ಹಾಳೆಯನ್ನು ಹೊತ್ತು ತಂದವಳು ಚೀಟಿಯಮ್ಮನೇ. ಮೇಷ್ಟ್ರು ಎಲೆಯ ಮೇಲೆ ಒಂದು ಹನಿ ಬಿಟ್ಟರು. ಅದು ಮಣಿಯಂತೆ ಉರುಳಿತು. ಚಪ್ಪಾಳೆ.

“ಪ್ರಕೃತಿ ಲಕ್ಷಾಂತರ ವರ್ಷ ಕೂತು ಮಾಡಿದ ಎಂಜಿನಿಯರಿಂಗ್ ಇದು,” ಎಂದರು.

“ಒಂದ್ಸಲ ಬಿಸಿನೀರಲ್ಲಿ ಅದ್ದಿ ನೋಡಿ ಸಾರ್,” ಎಂದಳು ಚೀಟಿಯಮ್ಮ.

“ನೀನು ಹೊರಗಡೆ ಇರಮ್ಮ.”

ಮುಂದಿನ ಸಾಲಿನಲ್ಲಿದ್ದ ಎಂಜಿನಿಯರ್ ಹೆಂಗಸು ಎದ್ದಳು. “ಯಾಕೆ, ನೋಡೋಣ. ಬಿಸಿಲಲ್ಲಿ ನಿಲ್ಲೋ ಪೇಂಟ್ ತಾನೇ?”

ಟೀಗೆಂದು ಇಟ್ಟಿದ್ದ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿ, ಚೀಟಿಯಮ್ಮ ಬಿಡಿಸಿಕೊಟ್ಟ ಎಲೆಯನ್ನು ಅದಕ್ಕೆ ಹಾಕಿದಳು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಮೇಣದ ಜಿಡ್ಡು ತೇಲಿತು. ಎಲೆಯನ್ನು ಒರೆಸಿ ವೇದಿಕೆಯ ಮೇಲಿದ್ದ ಸೂಕ್ಷ್ಮದರ್ಶಕಕ್ಕಿಟ್ಟಾಗ ಅದಕ್ಕೆ ಜೋಡಿಸಿದ್ದ ದೊಡ್ಡ ಪರದೆಯ ಮೇಲೆ ಒಂದೇ ಒಂದು ಉಬ್ಬಿರಲಿಲ್ಲ. ಹನಿ ಬಿಟ್ಟರೆ ಚಪ್ಪಟೆಯಾಗಿ ಹರಡಿಕೊಂಡಿತು.

“ಅದು ಮೇಣದ ಬಟ್ಟೆಯ ಅಚ್ಚು,” ಎಂದಳು ಚೀಟಿಯಮ್ಮ. “ನನಗೆ ಗೊತ್ತಾಗಿ ಮೂರು ವರ್ಷವಾಯ್ತು. ಪಟ್ಟಿ ಮಾಡಿದ್ದು ನಾನು, ತಪ್ಪು ಮಾಡಿದ್ದೂ ನಾನೇ. ಸಾರ್ ನನ್ನ ತಪ್ಪಿಗೆ ಅವರಪ್ಪನ ಹೆಸರಿಟ್ಟಿದ್ದಾರೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಮೇಷ್ಟ್ರ ಮುಖ ಸುಣ್ಣವಾಯಿತು.

“ನೀವು ಇದನ್ನ ಒಂದ್ಸಲಾನಾದ್ರೂ ಕಣ್ಣಾರೆ ನೋಡಿದ್ರಾ?” ಎಂಜಿನಿಯರ್ ಕೇಳಿದಳು. ಮೇಷ್ಟ್ರು ಲೋಟವನ್ನು ಪಕ್ಕಕ್ಕೆ ಸರಿಸಿದರು. “ಉಬ್ಬು ಎಲೆದಾದ್ರೇನು, ಬಟ್ಟೇದಾದ್ರೇನು, ನಮಗೆ ನೀರು ಉರುಳಿದ್ರೆ ಸಾಕು. ಆದ್ರೆ ನೋಡದೇ ಹೇಳೋರನ್ನ ನಂಬಿ ನಾವು ಕೆಲಸ ಮಾಡಲ್ಲ.” ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ನಡೆದಳು.

ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ಪಡೆದರು. ಅದರೊಂದಿಗೆ ಅವಳು ಸರಿಯಾಗಿ ಬರೆದಿದ್ದ ನಲವತ್ತು ಗಿಡಗಳೂ ಕಸವಾದವು; ಇನ್ನು ಆ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆರು ವರ್ಷದ ಕಣ್ಣುನೋವನ್ನು ಗೊತ್ತಿದ್ದೇ ಬೆಂಕಿಗೆ ಹಾಕಿದ್ದಳು.

ತಿಂಗಳ ಕೊನೆಗೆ ಮೇಷ್ಟ್ರು ಕೋಣೆ ಖಾಲಿ ಮಾಡಿದರು. ಪೆಟ್ಟಿಗೆ ಎತ್ತಿಕೊಂಡು ಹೊರಟವರು ಅವಳ ಮೇಜಿನ ಹತ್ತಿರ ನಿಂತರು.

“ಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ಯಲ್ಲಮ್ಮ. ಮೊದಲೇ ಹೇಳಿದ್ರೆ ತಿದ್ಕೋತಿದ್ದೆ.”

“ಅದಕ್ಕೇ ಹೇಳಲಿಲ್ಲ ಸಾರ್.”

ಅವರು ಮೆಟ್ಟಿಲಿಳಿದು ಮರೆಯಾಗುವವರೆಗೂ ನೋಡುತ್ತ ನಿಂತಳು. ಮನಸ್ಸಿಗೆ ಅಯ್ಯೋ ಅನ್ನಿಸೀತೇನೋ ಎಂದು ಕಾದಳು. ಅನ್ನಿಸಲಿಲ್ಲ. ಒಳಗೆ ಹೊಸ ಗಿಡಗಳ ಕಟ್ಟೊಂದು ಬಂದು ಬಿದ್ದಿತ್ತು. ಹೋಗಿ ದಾರ ಬಿಚ್ಚತೊಡಗಿದಳು.